ಎಂ.ಎ. ಪ್ರಾಜೆಕ್ಟಿಗೆ ಝೋಟೆರೋ: ಐದು ತಿಂಗಳು ಬಳಸಿದ ಮೇಲೆ

1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿನ ಮೇಲೆ ಏರಿ ಬಂದು ಆನೆಕೆರೆಯ ಹತ್ತಿರ ಬೀಡು ಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿಯೂ ಅವನ ಮಗ ಪದ್ಮಯ್ಯನೂ ಆ ಸಲಕ್ಕೆ ಅವನನ್ನು ಹಿಮ್ಮೆಟ್ಟಿಸಿದರು. ನಾನು ಹಾನಗಲ್ ತಾಲ್ಲೂಕಿನವಳು. ಎಂ.ಎ. ಇತಿಹಾಸದ ಮೊದಲ ಸೆಮಿಸ್ಟರಿನ ಅಸೈನ್‌ಮೆಂಟಿನಲ್ಲಿ ಈ ಸಾಲುಗಳನ್ನು ಬಹಳ ಅಭಿಮಾನದಿಂದ ಬರೆದಿದ್ದೆ. ತಿದ್ದಿ ಬಂದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪದ ಇತ್ತು: "ಎಲ್ಲಿಂದ?"

ಮರುದಿನ ಸರ್ ಹತ್ತಿರ ಹೋದೆ.

"ಇದನ್ನ ಎಲ್ಲಿ ಓದೀಯವಾ?"

"ಓದೇನ್ರಿ ಸರ್. ಪುಸ್ತಕದ ಹೆಸರು ನೆನಪಿಲ್ರಿ."

"ನೆನಪಿಲ್ಲ ಅಂದ್ರ ಅದು ನಿನ್ನ ಮಾತಾತು ನೋಡು, ಪುಸ್ತಕದ ಮಾತಲ್ಲ. ಮೊದಲ ಹೆಸರು ಬರ್ಕೊ, ಆಮ್ಯಾಲೆ ಓದು."

ಸರ್ ಬೈಯಲಿಲ್ಲ, ಅಂಕವನ್ನೂ ಕಳೆಯಲಿಲ್ಲ. ಆದರೆ ಆ ಸಾಲನ್ನು ಎಲ್ಲಿ ಓದಿದೆ ಎಂದು ಹುಡುಕುವುದರಲ್ಲೇ ನನ್ನ ಮೂರು ದಿನ ಹೋದವು. ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಫೋನಿನಲ್ಲಿ ಪುಸ್ತಕದ ಪುಟಗಳ ನಾನೂರಕ್ಕೂ ಹೆಚ್ಚು ಫೋಟೋ ಇದ್ದವು. ಯಾವ ಪುಟ ಯಾವ ಪುಸ್ತಕದ್ದು ಎನ್ನುವುದು ಒಂದರಲ್ಲೂ ಇಲ್ಲ, ಮುಖಪುಟದ ಫೋಟೋ ತೆಗೆದಿದ್ದರೆ ತಾನೇ! ಕಡೆಗೆ ಅದು ಸಿಕ್ಕಿದ್ದು ಜೆ.ಎಫ್. ಫ್ಲೀಟ್ ಬರೆದ 'ಡೈನಾಸ್ಟೀಸ್ ಆಫ್ ದಿ ಕನರೀಸ್ ಡಿಸ್ಟ್ರಿಕ್ಟ್ಸ್'ನಲ್ಲಿ, 1896ರ ಬಾಂಬೆ ಗೆಝೆಟಿಯರಿನ ಮೊದಲ ಸಂಪುಟದ ಎರಡನೆಯ ಭಾಗದಲ್ಲಿ. ನಾನು ಓದಿದ್ದು ಅದನ್ನು ಆಧರಿಸಿದ ಇನ್ಯಾವುದೋ ಕನ್ನಡ ಲೇಖನವನ್ನು. ಆ ಲೇಖನ ಯಾವುದೆಂದು ಇವತ್ತಿಗೂ ಸಿಕ್ಕಿಲ್ಲ.

ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ 'ಹಾನಗಲ್ ತಾಲ್ಲೂಕಿನ ವೀರಗಲ್ಲುಗಳು' ಎಂಬ ವಿಷಯ ತೆಗೆದುಕೊಂಡಾಗ ಆ ಮೂರು ದಿನ ಮತ್ತೆ ಬರಬಾರದು ಎಂದು ಗಟ್ಟಿ ಮಾಡಿಕೊಂಡೆ. ಹಾಸ್ಟೆಲಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಅಕ್ಕ ಒಬ್ಬರು ಒಂದು ಸಂಜೆ ಕೂತು ನನ್ನ ಲ್ಯಾಪ್‌ಟಾಪಿಗೆ ಝೋಟೆರೋ ಹಾಕಿಕೊಟ್ಟರು. ಜನವರಿಯಿಂದ ಮೇ ತನಕ ದಿನವೂ ಬಳಸಿದ್ದೇನೆ. ಇದರ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವವರಿಗೆ ಇದು ಹೇಗೆ ಒಗ್ಗುತ್ತದೆ ಎಂದು ಹೇಳುವವರು ನನಗೆ ಸಿಗಲಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಝೋಟೆರೋ ಒಂದು ಸಾಫ್ಟ್‌ವೇರ್. ನೀವು ಓದುವ ಪುಸ್ತಕ, ಲೇಖನ, ಪಿಡಿಎಫ್ ಎಲ್ಲದರ ವಿವರವನ್ನೂ ಅದು ಒಂದು ಕಡೆ ಇಟ್ಟುಕೊಳ್ಳುತ್ತದೆ: ಲೇಖಕರು, ವರ್ಷ, ಪ್ರಕಾಶಕರು, ಪುಟ. ಅದರ ಕೆಳಗೇ ಪಿಡಿಎಫ್ ಇಡಬಹುದು, ಟಿಪ್ಪಣಿ ಬರೆಯಬಹುದು. ನೀವು ವರ್ಡ್‌ನಲ್ಲಿ ಬರೆಯುವಾಗ ಅಡಿಟಿಪ್ಪಣಿಯನ್ನೂ ಕಡೆಯಲ್ಲಿ ಗ್ರಂಥಋಣದ ಪಟ್ಟಿಯನ್ನೂ ಅದೇ ಕಟ್ಟಿಕೊಡುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಾಗಿಲ್ಲ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಹೊಸ ಮಾಧ್ಯಮ ಕೇಂದ್ರದಿಂದ ಇದು ಹೊರಬಂತು. ಇತಿಹಾಸದವರ ಮನೆಯಲ್ಲೇ ಹುಟ್ಟಿದ್ದು ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಹಸ್ತಪ್ರತಿ, ನಕ್ಷೆ, ಸಂದರ್ಶನ, ಪತ್ರ ಇವೆಲ್ಲಕ್ಕೂ ಬೇರೆ ಬೇರೆ ನಮೂನೆ ಇರುವುದನ್ನು ನೋಡಿದರೆ, ಪತ್ರಾಗಾರದಲ್ಲಿ ಕೂತು ಕೆಲಸ ಮಾಡಿದವರ ಕೈ ಇದರಲ್ಲಿದೆ ಎಂದು ಗೊತ್ತಾಗುತ್ತದೆ.

ಬ್ರೌಸರಿಗೆ ಅದರ ಕನೆಕ್ಟರ್ ಹಾಕಿಕೊಂಡರೆ ಇಂಗ್ಲಿಷ್ ಲೇಖನಗಳ ಕೆಲಸ ಬಹಳ ಹಗುರ. ಪುಟ ತೆರೆದು ಮೇಲಿನ ಚಿಕ್ಕ ಗುಂಡಿ ಒತ್ತಿದರೆ ವಿವರವೆಲ್ಲ ತಾನೇ ಬಂದು ಕೂರುತ್ತದೆ, ಪಿಡಿಎಫ್ ಸಿಗುವಂತಿದ್ದರೆ ಅದೂ ಜೊತೆಗೆ ಬರುತ್ತದೆ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತುಸಂಖ್ಯೆ ಹೊಡೆದರೆ ಅದರ ವಿವರ ಎಳೆದು ತರುತ್ತದೆ. ಮೊದಲ ದಿನ ಒಂದು ತಾಸಿನಲ್ಲಿ ಹದಿನೆಂಟು ಇಂಗ್ಲಿಷ್ ಲೇಖನ ಸೇರಿಸಿದೆ. ಎರಡನೆಯ ದಿನ ಗ್ರಂಥಾಲಯದಿಂದ ತಂದ ಏಳು ಕನ್ನಡ ಪುಸ್ತಕ ಸೇರಿಸಲು ಒಂದೂವರೆ ತಾಸು ಬೇಕಾಯಿತು. ಏಳರಲ್ಲಿ ಐದು ಹಳೆಯವು, ಐಎಸ್‌ಬಿಎನ್ ಇಲ್ಲ. ಎಲ್ಲವನ್ನೂ ಮುಖಪುಟದ ಒಳಹಾಳೆ ನೋಡಿ ಕೈಯಾರೆ ತುಂಬಬೇಕು.

ಕೈಯಾರೆ ತುಂಬುವ ಈ ಕೆಲಸದ ಬಗ್ಗೆಯೇ ನಾನು ಹೆಚ್ಚು ಹೇಳಬೇಕಾಗಿರುವುದು, ಏಕೆಂದರೆ ಕನ್ನಡದವರಿಗೆ ಝೋಟೆರೋ ಎಂದರೆ ಅರ್ಧ ಭಾಗ ಇದೇ. ಒಳಹಾಳೆಯನ್ನು ನಾನು ಎಂದೂ ಸರಿಯಾಗಿ ಓದಿರಲಿಲ್ಲ. ಖಾನೆಗಳನ್ನು ತುಂಬಲು ಕೂತಾಗ ಓದಿದೆ. ಈ ಪುಸ್ತಕ ಎರಡನೆಯ ಮುದ್ರಣವೋ, ಪರಿಷ್ಕೃತ ಆವೃತ್ತಿಯೋ? ಹೆಸರಿರುವವರು ಲೇಖಕರೋ ಸಂಪಾದಕರೋ? ಪ್ರಕಾಶಕರು ಧಾರವಾಡದವರೋ ಬೆಂಗಳೂರಿನವರೋ? ಹಳೆಯ ಪುಸ್ತಕದ ಮರುಮುದ್ರಣವಾದರೆ ಎರಡು ವರ್ಷ ಬೇಕು, ಮೊದಲು ಬಂದದ್ದು ಮತ್ತು ನನ್ನ ಕೈಯಲ್ಲಿರುವುದು. ಝೋಟೆರೋದಲ್ಲಿ ಮೊದಲ ಮುದ್ರಣದ ವರ್ಷಕ್ಕೆ ನೇರ ಖಾನೆ ಇಲ್ಲ. 'ಎಕ್ಸ್‌ಟ್ರಾ' ಎಂಬ ಖಾನೆಯಲ್ಲಿ 'ಒರಿಜಿನಲ್ ಡೇಟ್' ಎಂದು ಇಂಗ್ಲಿಷಿನಲ್ಲಿ ಬರೆದು ಮುಂದೆ ವರ್ಷ ಹಾಕಬೇಕು. ಫ್ಲೀಟ್ ಅವರ ಪುಸ್ತಕದ ಮರುಮುದ್ರಣ ಹಿಡಿದುಕೊಂಡು 1896ನ್ನು ಅಲ್ಲಿ ಬರೆದಾಗ, ಹಿಂದಿನ ಎಷ್ಟೋ ಅಸೈನ್‌ಮೆಂಟುಗಳಲ್ಲಿ ನೂರು ವರ್ಷ ಹಳೆಯ ಮಾತನ್ನು ನಿನ್ನೆ ಮೊನ್ನೆ ಬರೆದ ಮಾತಿನಂತೆ ಉಲ್ಲೇಖಿಸಿದ್ದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಹೆಸರುಗಳ ವಿಷಯವನ್ನು ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ. ಝೋಟೆರೋ ಲೇಖಕರ ಹೆಸರಿಗೆ ಎರಡು ಖಾನೆ ಕೊಡುತ್ತದೆ, ಕೊನೆಯ ಹೆಸರಿಗೆ ಒಂದು, ಮೊದಲ ಹೆಸರಿಗೆ ಒಂದು. ಎಂ.ಎಂ. ಕಲಬುರ್ಗಿ ಎಂದರೆ ಸುಲಭ: ಮೊದಲಿನದರಲ್ಲಿ ಕಲಬುರ್ಗಿ, ಎರಡನೆಯದರಲ್ಲಿ ಎಂ.ಎಂ. ಪಿ.ಬಿ. ದೇಸಾಯಿ, ಆರ್.ಎಸ್. ಪಂಚಮುಖಿ ಅವರದೂ ಹಾಗೆಯೇ. ನಮ್ಮ ಕಡೆ ಮನೆತನದ ಹೆಸರು ಕೊನೆಗೇ ಇರುವುದರಿಂದ ಅಡ್ಡಿ ಇಲ್ಲ. ಆದರೆ ಹಳೆ ಮೈಸೂರಿನ ಕಡೆಯ ಎಷ್ಟೋ ಹೆಸರುಗಳಲ್ಲಿ ಮುಂದಿನ ಅಕ್ಷರಗಳು ಊರಿನವು ಮತ್ತು ತಂದೆಯವು, ಕೊನೆಗೆ ಇರುವುದು ಆ ವ್ಯಕ್ತಿಯದೇ ಹೆಸರು. ಕಾವ್ಯನಾಮದಿಂದಲೇ ಬರೆಯುವವರಿಗೆ ಎರಡು ತುಂಡು ಮಾಡಲು ಬರುವುದೇ ಇಲ್ಲ. ಅಂಥವರಿಗೆ ಹೆಸರಿನ ಪಕ್ಕದ ಸಣ್ಣ ಗುರುತು ಒತ್ತಿದರೆ ಎರಡು ಖಾನೆ ಒಂದಾಗುತ್ತದೆ. ಸಂಘ, ಸಂಸ್ಥೆ, ಇಲಾಖೆಗಳ ಹೆಸರಿಗೂ ಅದನ್ನೇ ಬಳಸಬೇಕು, ಇಲ್ಲದಿದ್ದರೆ ಪುರಾತತ್ತ್ವ ಇಲಾಖೆ 'ಇಲಾಖೆ, ಪುರಾತತ್ತ್ವ' ಆಗಿಬಿಡುತ್ತದೆ. ಇನ್ನೊಂದು ಮಾತು: ಶಂಬಾ ಜೋಶಿ ಅವರನ್ನು ಒಂದು ಕಡೆ 'ಜೋಶಿ ಶಂ.ಬಾ.' ಎಂದೂ ಇನ್ನೊಂದು ಕಡೆ 'ಶಂಬಾ ಜೋಶಿ' ಎಂದೂ ತುಂಬಿದರೆ ಪಟ್ಟಿಯಲ್ಲಿ ಅವರು ಇಬ್ಬರಾಗುತ್ತಾರೆ, ಒಬ್ಬರು ಜಕಾರದಲ್ಲಿ, ಇನ್ನೊಬ್ಬರು ಶಕಾರದಲ್ಲಿ. ಇದನ್ನು ಯಂತ್ರ ಕಂಡುಹಿಡಿಯುವುದಿಲ್ಲ. ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾರ ಹೆಸರನ್ನು ಹೇಗೆ ಬರೆಯಬೇಕು ಎಂದು ಗುರುತು ಹಾಕಿಕೊಂಡಿದ್ದೆ. ಕಡೆಯ ವಾರ ಅದರಿಂದ ಎಷ್ಟು ಸಮಯ ಉಳಿಯಿತೋ ಹೇಳಲಾರೆ.

ಶಾಸನಗಳದು ಬೇರೆಯದೇ ಕಥೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಹಳೆಯ ಮೈಸೂರು ಸಂಸ್ಥಾನದ ಶಾಸನಗಳ ಕೆಲಸ. ಧಾರವಾಡದ ಕಡೆಯ ಶಾಸನ ಹುಡುಕುವವರು 'ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್' ಮಾಲೆಯ 11, 15, 18 ಮತ್ತು 20ನೆಯ ಸಂಪುಟ ನೋಡಬೇಕು. 'ಬಾಂಬೆ ಕರ್ನಾಟಕ ಶಾಸನಗಳು' ಇರುವುದು ಇವುಗಳಲ್ಲೇ. ಇಲ್ಲಿ ಪುಟಕ್ಕಿಂತ ಶಾಸನ ಸಂಖ್ಯೆ ಮುಖ್ಯ. ಝೋಟೆರೋದಲ್ಲಿ ಶಾಸನ ಎಂಬ ನಮೂನೆಯೇ ಇಲ್ಲ. ನಾನು ಮೊದಲು ಪ್ರತಿ ಶಾಸನವನ್ನೂ 'ಪುಸ್ತಕದ ಅಧ್ಯಾಯ' ಎಂದು ಸೇರಿಸಿದೆ, ಹತ್ತು ಆಗುವಷ್ಟರಲ್ಲಿ ಪಟ್ಟಿ ಗೊಂದಲವಾಯಿತು. ಆಮೇಲೆ ಸಂಪುಟವನ್ನು ಮಾತ್ರ ಪುಸ್ತಕವಾಗಿ ಇಟ್ಟೆ. ಉಲ್ಲೇಖ ಹಾಕುವಾಗ ಅದರ ಮುಂದಿನ ಚಿಕ್ಕ ಪೆಟ್ಟಿಗೆಯಲ್ಲಿ 'ಶಾಸನ ಸಂಖ್ಯೆ ಇಷ್ಟು' ಎಂದು ಬರೆದೆ. ಒಂದೊಂದು ಶಾಸನಕ್ಕೆ ಒಂದೊಂದು ಟಿಪ್ಪಣಿ ಮಾಡಿ ಆ ಸಂಪುಟದ ಕೆಳಗೇ ತೂಗುಹಾಕಿದೆ. ಶಾಸನಗಳ ಮೇಲೆ ಕೆಲಸ ಮಾಡುವವರು ಮೊದಲಿನಿಂದಲೇ ಹೀಗೆ ಮಾಡಿ.

ಇನ್ನು ನನ್ನ ಪ್ರಾಜೆಕ್ಟನ್ನು ನಿಜವಾಗಿ ಉಳಿಸಿದ ಸಂಗತಿಗೆ ಬರುತ್ತೇನೆ. ಎಡಗಡೆಯಲ್ಲಿ 'ಕಲೆಕ್ಷನ್' ಎಂಬ ಫೋಲ್ಡರುಗಳು ಇರುತ್ತವೆ. ಒಂದೇ ಪುಸ್ತಕವನ್ನು ನಕಲು ಮಾಡದೆ ಎರಡು ಮೂರು ಕಲೆಕ್ಷನ್ನಿನಲ್ಲಿ ಇಡಬಹುದು. ಅಕ್ಕ ಹೇಳಿದ್ದು ವಿಷಯವಾರು ಮಾಡು ಎಂದು: ಶಾಸನ, ಶಿಲ್ಪ, ರಾಜಕೀಯ ಹೀಗೆ. ನಾನು ಹಾಗೆ ಮಾಡದೆ ಅಧ್ಯಾಯವಾರು ಮಾಡಿದೆ. ಸಾರಾಂಶದಲ್ಲಿ ಸರ್‌ಗೆ ಕೊಟ್ಟಿದ್ದ ಐದು ಅಧ್ಯಾಯಗಳ ಹೆಸರನ್ನೇ ಐದು ಕಲೆಕ್ಷನ್ನಿಗೆ ಇಟ್ಟೆ. ಪೀಠಿಕೆ. ಹಾನಗಲ್ಲಿನ ಕದಂಬರು. ವೀರಗಲ್ಲುಗಳು ಹೇಳುವ ಸಾವಿನ ಕಾರಣಗಳು. ಶಿಲ್ಪ. ಇಂದಿನ ಸ್ಥಿತಿ. ಓದಿದ್ದನ್ನೆಲ್ಲ ಅದು ಹೋಗಬೇಕಾದ ಅಧ್ಯಾಯದೊಳಗೆ ಎಳೆದು ಹಾಕುತ್ತ ಹೋದೆ.

ಫೆಬ್ರುವರಿ ಕೊನೆಗೆ ಎಣಿಸಿ ನೋಡಿದೆ. ಎರಡನೆಯ ಅಧ್ಯಾಯದಲ್ಲಿ 34 ಆಕರ, ಮೂರನೆಯದರಲ್ಲಿ 29, ನಾಲ್ಕನೆಯದರಲ್ಲಿ 4, ಐದನೆಯದರಲ್ಲಿ ಒಂದೂ ಇಲ್ಲ. ಇನ್ನೂ ಒಂದು ಸಾಲನ್ನೂ ಬರೆದಿರಲಿಲ್ಲ. ಆದರೆ ಅಧ್ಯಾಯಗಳ ಈ ಯೋಜನೆ ಗಟ್ಟಿಯಾಗಿ ನಿಲ್ಲಲಾರದು ಎನ್ನುವುದು ಅಷ್ಟು ಹೊತ್ತಿಗೇ ಕಣ್ಣಿಗೆ ಕಂಡಿತು. ಕದಂಬರ ಬಗ್ಗೆ ಬೇರೆಯವರು ಬರೆದದ್ದೇ ರಾಶಿ ಇದೆ, ನಾನು ಅದನ್ನೇ ಮತ್ತೆ ಬರೆದರೆ ಅದು ನನ್ನ ಕೆಲಸವಾಗುವುದಿಲ್ಲ. ನಮ್ಮ ತಾಲ್ಲೂಕಿನ ಕಲ್ಲುಗಳು ಈಗ ಯಾವ ಗತಿಯಲ್ಲಿವೆ ಎನ್ನುವುದಕ್ಕೆ ಪುಸ್ತಕವೇ ಇಲ್ಲ, ಅಂದರೆ ಅದನ್ನು ನಾನೇ ಊರೂರು ತಿರುಗಿ ನೋಡಿ ಬರೆಯಬೇಕು. ಸರ್ ಎದುರು ಲ್ಯಾಪ್‌ಟಾಪ್ ತೆರೆದು ಆ ಸಂಖ್ಯೆಗಳನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಎರಡನೇದ ಎಂಟು ಪುಟಕ್ಕ ಇಳಸು. ಐದನೇದಕ್ಕ ಬಿಸಲು ಏರೂದರಾಗ ಊರಿಗೆ ಹೋಗಿ ಬಾ" ಅಂದರು. ಮಾರ್ಚ್ ಮೊದಲ ಎರಡು ವಾರ ಅಪ್ಪನ ಗಾಡಿಯಲ್ಲಿ ಹದಿಮೂರು ಹಳ್ಳಿ ತಿರುಗಿದೆ.

ಹಿಂದಿನ ಅಸೈನ್‌ಮೆಂಟುಗಳಲ್ಲಿ ನನಗೆ ಇದು ತಿಳಿಯುತ್ತಿದ್ದುದು ಸಲ್ಲಿಸುವ ಹಿಂದಿನ ರಾತ್ರಿ. ಆಗ ತಿದ್ದಲು ಏನೂ ಉಳಿದಿರುತ್ತಿರಲಿಲ್ಲ. ಝೋಟೆರೋವನ್ನು ಎಲ್ಲರೂ ಗ್ರಂಥಋಣ ಮಾಡಿಕೊಡುವ ಯಂತ್ರ ಎನ್ನುತ್ತಾರೆ. ನನಗೆ ಅದು ಯಾವ ಅಧ್ಯಾಯ ಹಸಿದಿದೆ ಎಂದು ಎರಡು ತಿಂಗಳು ಮೊದಲೇ ತೋರಿಸಿತು. ಗ್ರಂಥಋಣವನ್ನು ಕಷ್ಟಪಟ್ಟರೆ ಕೈಯಿಂದಲೂ ಬರೆಯಬಹುದು.

ಊರು ತಿರುಗುವಾಗಿನ ಒಂದು ದಿನದ ಬಗ್ಗೆ ಹೇಳಬೇಕು. ಒಂದು ಹಳ್ಳಿಯಲ್ಲಿ ಅಗಸೆಯ (ಊರಬಾಗಿಲಿನ) ಪಕ್ಕ ಮೂರು ಹಂತದ ವೀರಗಲ್ಲು ಇತ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಲಿಂಗದ ಎದುರು ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದವು, ಎಣ್ಣೆ ಕೂತು ಒಂದೂ ಓದಲು ಬರುತ್ತಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಹೇಳಿದರು: "ದನಾ ಬಿಡಿಸ್ಕೊಂಡು ಬರಾಕ ಹೋಗಿ ಸತ್ತಾಂವ ಅಂತ ನಮ್ಮಜ್ಜ ಹೇಳತಿದ್ದ ತಂಗಿ. ಯುಗಾದಿಗೆ ಎಣ್ಣಿ ಹಚ್ಚತೇವಿ. ಹೆಸರು ಯಾರಿಗೂ ಗೊತ್ತಿಲ್ಲ." ಕಲ್ಲಿನ ಕೆಳಹಂತದಲ್ಲಿ ನಿಜವಾಗಿಯೂ ದನಗಳ ಸಾಲು ಇತ್ತು. ಶಾಸನಗಳಲ್ಲಿ ಹೀಗೆ ದನ ಹಿಡಿದೊಯ್ಯುವ ಕಾಳಗವನ್ನು ತುರುಗೋಳ್ ಎನ್ನುತ್ತಾರೆ. ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ) ಇವು ವೀರರು ಸತ್ತದ್ದಕ್ಕೆ ಹೇಳುವ ಇನ್ನು ಕೆಲವು ಕಾರಣಗಳು. ಪುಸ್ತಕದಲ್ಲಿ ಓದಿದ್ದ ಪದ ಅಗಸೆಯ ಪಕ್ಕದಲ್ಲಿ ಎಣ್ಣೆ ಹಚ್ಚಿಸಿಕೊಂಡು ನಿಂತಿತ್ತು.

ಆ ರಾತ್ರಿಯೇ ಅಜ್ಜನ ಮಾತನ್ನು ಝೋಟೆರೋದಲ್ಲಿ 'ಸಂದರ್ಶನ' ಎಂಬ ನಮೂನೆಯಲ್ಲಿ ಸೇರಿಸಿದೆ. ಅವರ ಹೆಸರು, ಊರು, ವಯಸ್ಸು, ದಿನಾಂಕ, ಮಾತನ್ನು ಅವರು ಆಡಿದ ಹಾಗೇ ಟಿಪ್ಪಣಿಯಲ್ಲಿ. ಕಲ್ಲಿನ ಫೋಟೋಗಳನ್ನು ಅದಕ್ಕೇ ಲಗತ್ತಿಸಿದೆ. ಇಂಗ್ಲಿಷ್ ಲೇಖನವೊಂದು ಎಷ್ಟು ಗೌರವದಿಂದ ಪಟ್ಟಿಯಲ್ಲಿ ಕೂತಿತ್ತೋ ಅಜ್ಜನೂ ಅಷ್ಟೇ ಗೌರವದಿಂದ ಕೂತರು. ಪ್ರಾಜೆಕ್ಟಿನ ಕೊನೆಯಲ್ಲಿ ವಕ್ತೃಗಳ, ಅಂದರೆ ಮಾಹಿತಿ ಹೇಳಿದವರ, ಪಟ್ಟಿ ಮಾಡುವಾಗ ಹನ್ನೊಂದು ಜನರಲ್ಲಿ ಒಬ್ಬರ ಹೆಸರೂ ಬಿಟ್ಟುಹೋಗಲಿಲ್ಲ.

ಫೋಟೋಗಳಿಂದಲೇ ಜಾಗದ ತೊಂದರೆ ಶುರುವಾಗುವುದು. ಝೋಟೆರೋ ಖಾತೆಯಲ್ಲಿ ಫೈಲುಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ ಮಾತ್ರ. ಫೋನಿನ ಫೋಟೋ ಒಂದೊಂದು ನಾಲ್ಕೈದು ಎಂಬಿ, ಶಾಸನ ಸಂಪುಟದ ಸ್ಕ್ಯಾನ್ ಪ್ರತಿಯೋ ಒಂದೇ ನೂರು ದಾಟುವುದುಂಟು. ನನ್ನದು ಮಾರ್ಚ್ ಮುಗಿಯುವ ಮೊದಲೇ ತುಂಬಿತು. ಹೆಚ್ಚು ಬೇಕಾದರೆ ವರ್ಷಕ್ಕೆ 20 ಡಾಲರಿಗೆ 2 ಜಿಬಿ ಕೊಡುತ್ತಾರೆ. ನಮ್ಮಂಥ ವಿದ್ಯಾರ್ಥಿಗಳಿಗೆ ಅದು ದೊಡ್ಡ ಮೊತ್ತವೇ. ಆದರೆ ಈ ಮಿತಿ ಇರುವುದು ಫೈಲುಗಳಿಗೆ ಮಾತ್ರ, ಪುಸ್ತಕಗಳ ವಿವರ ಮತ್ತು ಟಿಪ್ಪಣಿಗಳಿಗೆ ಇಲ್ಲ. ಹಾಗಾಗಿ ಫೈಲುಗಳ ಸಿಂಕ್ (ಖಾತೆಗೆ ತಾನಾಗಿ ನಕಲಾಗುವುದು) ನಿಲ್ಲಿಸಿ, ಬರಹದ ಸಿಂಕ್ ಮಾತ್ರ ಉಳಿಸಿಕೊಂಡೆ. ಪ್ರತಿ ಭಾನುವಾರ ಝೋಟೆರೋ ಫೋಲ್ಡರನ್ನು ಪೂರ್ತಿ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಅಕ್ಕನ ಕಪಾಟಿನಲ್ಲಿ ಇಡುತ್ತಿದ್ದೆ. ನಕಲು ಮಾಡುವಾಗ ಝೋಟೆರೋ ಮುಚ್ಚಿರಬೇಕು, ಇದು ಮುಖ್ಯ.

ಅದರೊಳಗೇ ಪಿಡಿಎಫ್ ಓದುವ ವ್ಯವಸ್ಥೆ 2022ರ ಆರನೆಯ ಆವೃತ್ತಿಯಿಂದ ಇದೆ, 2024ರ ಏಳನೆಯದರಲ್ಲಿ ಇನ್ನೂ ಚಂದವಾಗಿದೆ. ಬಣ್ಣ ಬಳಿದು ಓದಿ, ಆಮೇಲೆ ಬಳಿದದ್ದನ್ನೆಲ್ಲ ಒಂದೇ ಟಿಪ್ಪಣಿಯಾಗಿ ಹೊರತೆಗೆಯಬಹುದು, ಪುಟಸಂಖ್ಯೆ ಜೊತೆಗೇ ಬರುತ್ತದೆ. ನಾನು ಹಳದಿಯನ್ನು ಒಪ್ಪುವ ಮಾತಿಗೆ, ಕೆಂಪನ್ನು ಒಪ್ಪದ ಮಾತಿಗೆ, ಹಸಿರನ್ನು ಇನ್ನೊಂದು ಪುಸ್ತಕ ಹುಡುಕು ಎನ್ನುವುದಕ್ಕೆ ಇಟ್ಟುಕೊಂಡೆ. ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ಇದು ಪೂರ್ತಿ ನಡೆಯುವುದಿಲ್ಲ. ಅವು ಬರೀ ಚಿತ್ರಗಳು, ಒಳಗೆ ಅಕ್ಷರ ಇರುವುದಿಲ್ಲ, ಹಾಗಾಗಿ ಹುಡುಕಲೂ ಬರುವುದಿಲ್ಲ, ಸಾಲು ಹಿಡಿದು ಬಣ್ಣ ಬಳಿಯಲೂ ಬರುವುದಿಲ್ಲ. ಚೌಕ ಎಳೆದು ಆ ಭಾಗವನ್ನು ಚಿತ್ರವಾಗಿ ಹಿಡಿಯಬಹುದು. ತೀರಾ ಬೇಕಾದ ಪುಟಗಳನ್ನು ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದೆ, ಆಗ ಚಿತ್ರ ಹೋಗಿ ಬರಹವಾಗುತ್ತದೆ, ಕನ್ನಡ ಅಕ್ಷರ ಸಾಕಷ್ಟು ಸರಿಯಾಗಿ ಬರುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಂದೊಂದಾಗಿ ಮೂಲದ ಜೊತೆ ಹಿಡಿದು ನೋಡಲೇಬೇಕು. ಪಿಎಚ್‌.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಿಂದ ಇಳಿಸಿಕೊಂಡ ಮಹಾಪ್ರಬಂಧಗಳು ಅಧ್ಯಾಯಕ್ಕೊಂದು ಫೈಲಾಗಿ ಬರುತ್ತವೆ. ಅವನ್ನು ಬಿಡಿಬಿಡಿಯಾಗಿ ಸೇರಿಸದೆ ಒಂದೇ ಪ್ರಬಂಧದ ಕೆಳಗೆ ಎಲ್ಲ ಫೈಲನ್ನೂ ಇಡಿ.

ಏಪ್ರಿಲಿನಲ್ಲಿ ಬರೆಯಲು ಕೂತೆ. ವರ್ಡ್‌ನಲ್ಲಿ ಝೋಟೆರೋದ ಗುಂಡಿಗಳ ಪಟ್ಟಿ ಬರುತ್ತದೆ, ಲಿಬ್ರೆ ಆಫೀಸಿಗೂ ಇದೆ. ಯೂನಿಕೋಡ್ ಕನ್ನಡ ಯಾವ ತಕರಾರೂ ಇಲ್ಲದೆ ಬಂತು. ಅಡಿಟಿಪ್ಪಣಿ ಬೇಕಾದ ಕಡೆ ಗುಂಡಿ ಒತ್ತಿ, ಲೇಖಕರ ಹೆಸರಿನ ಮೊದಲ ಎರಡಕ್ಷರ ಹೊಡೆದು, ಪುಟಸಂಖ್ಯೆ ಹಾಕಿದರೆ ಮುಗಿಯಿತು. ಮೂರನೆಯ ಅಧ್ಯಾಯದ ಮೊದಲ ಆರು ಪುಟವನ್ನು ಸರ್ ಹೇಳಿದಂತೆ ಕೊನೆಗೆ ಸರಿಸಿದೆ. 22 ಅಡಿಟಿಪ್ಪಣಿಗಳ ಸಂಖ್ಯೆ, 'ಅದೇ' ಎಂದು ಬರಬೇಕಾದ ಜಾಗ ಎಲ್ಲವೂ ತಾವೇ ಸರಿಹೋದವು. 'ಅದೇ', 'ಸಂ.', 'ಪು.' ಎಂಬ ಪದಗಳು ಕನ್ನಡದಲ್ಲೇ ಬರಬೇಕಾದರೆ, ಉಲ್ಲೇಖ ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಶೈಲಿಯ ಫೈಲನ್ನು ತೆರೆದು ಆ ಇಂಗ್ಲಿಷ್ ಪದಗಳ ಜಾಗದಲ್ಲಿ ಕನ್ನಡ ಬರೆಯಬೇಕು. ಅದು ಕೋಡ್ ಬರೆದ ಹಾಗೆ ಕಾಣುತ್ತದೆ, ಇಂಜಿನಿಯರಿಂಗ್ ಓದುವ ತಮ್ಮ ಫೋನಿನಲ್ಲೇ ಹೇಳಿಕೊಟ್ಟ, ನಲವತ್ತು ನಿಮಿಷ ಹಿಡಿಯಿತು. ಒಂದು ವಿಭಾಗದಲ್ಲಿ ಒಬ್ಬರು ಒಮ್ಮೆ ಮಾಡಿದರೆ ಆ ಫೈಲನ್ನು ಎಲ್ಲರೂ ಹಾಕಿಕೊಳ್ಳಬಹುದು. ಕನ್ನಡದಲ್ಲಿ ಬರೆಯುವ ಪ್ರತಿ ವಿಭಾಗಕ್ಕೂ ಇದು ಬೇಕು ಎಂದು ನನಗೆ ನಿಜವಾಗಿ ಅನ್ನಿಸುತ್ತದೆ.

ಗ್ರಂಥಋಣದಲ್ಲಿ ಮಾತ್ರ ಇದು ನಮ್ಮ ಪದ್ಧತಿಗೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು, ನಿಯತಕಾಲಿಕೆಗಳು, ವಕ್ತೃಗಳು ಎಂದು ಬೇರೆ ಬೇರೆ ಪಟ್ಟಿ ಬೇಕು. ಝೋಟೆರೋ ವರ್ಡ್‌ನಲ್ಲಿ ಕೊಡುವುದು ಎಲ್ಲ ಕೂಡಿದ ಒಂದೇ ಪಟ್ಟಿ. ಹಾಗಾಗಿ ಪಟ್ಟಿಗೊಂದು ಕಲೆಕ್ಷನ್ ಮಾಡಿದೆ. ಅದರಲ್ಲಿರುವುದನ್ನೆಲ್ಲ ಆರಿಸಿ, ಬಲಗುಂಡಿ ಒತ್ತಿ, ಗ್ರಂಥಋಣವಾಗಿ ನಕಲು ತೆಗೆದು ಒಂದೊಂದನ್ನೂ ಅದರದರ ತಲೆಬರಹದ ಕೆಳಗೆ ಅಂಟಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಆದರೆ ಹೀಗೆ ಅಂಟಿಸಿದ್ದು ಆಮೇಲೆ ತಾನಾಗಿ ಬದಲಾಗುವುದಿಲ್ಲ, ಅದಕ್ಕೆ ಎಲ್ಲ ತಿದ್ದುಪಡಿ ಮುಗಿದ ಮೇಲೆ ಮಾಡಬೇಕು.

ಈಗ ಡಿಟಿಪಿ ಅಂಗಡಿಯ ಮಾತು. ಅಂಗಡಿಯ ಹೆಸರು ಬೇಡ, ನಮ್ಮ ಕಡೆ ಬಹಳಷ್ಟು ಕಡೆ ನಡೆಯುವುದು ಇದೇ. ಸಲ್ಲಿಸುವ ನಾಲ್ಕು ದಿನ ಮೊದಲು ವರ್ಡ್ ಫೈಲನ್ನು ಪ್ರಿಂಟಿಗೂ ಬೈಂಡಿಂಗಿಗೂ ಕೊಟ್ಟೆ. "ಈ ಯೂನಿಕೋಡ್ ನಮಗ ಆಗಂಗಿಲ್ರಿ, ನುಡಿಗೆ ಬದಲ್ ಮಾಡಿ ಪೇಜ್‌ಮೇಕರ್‌ಗೆ ಹಾಕತೇವಿ, ಚಂದ ಬರತೈತಿ" ಅಂದರು. ಪೇಜ್‌ಮೇಕರ್ ಎಂದರೆ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್. ನಾನು ಹೂಂ ಅಂದೆ. ಸಂಜೆ ಹೋಗಿ ನೋಡಿದರೆ ಕನ್ನಡವೇನೋ ಚಂದವಾಗಿತ್ತು. ಅಡಿಟಿಪ್ಪಣಿಗಳು ಪುಟದ ಅಡಿಯಿಂದ ಎದ್ದು ಸಾಲಿನ ನಡುವೆ ಬಂದು ಕೂತಿದ್ದವು. ಇಂಗ್ಲಿಷ್ ಪುಸ್ತಕಗಳ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಇಟ್ಟಿರುತ್ತಾರೆ. ಇಡೀ ಫೈಲಿಗೆ ಆ ಫಾಂಟ್ ಹಾಕಿದರೆ ಇಂಗ್ಲಿಷ್ ಇರುವ ಕಡೆಯೆಲ್ಲ ಹೀಗೇ ಆಗುತ್ತದೆ. ಫ್ಲೀಟ್ ಅವರ ಹೆಸರು ಓದಲು ಬರುತ್ತಿರಲಿಲ್ಲ. ಐದು ತಿಂಗಳು ಒಂದೊಂದೇ ಖಾನೆ ತುಂಬಿ ಕಟ್ಟಿದ್ದು ಹಾಗೆ ಆದದ್ದನ್ನು ನೋಡಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮೂಲ ಫೈಲ್ ನನ್ನ ಹತ್ತಿರ ಹಾಗೇ ಇತ್ತು. ರಾತ್ರಿ ಹಾಸ್ಟೆಲಿನಲ್ಲಿ ಅದನ್ನು ಪಿಡಿಎಫ್ ಮಾಡಿದೆ, ಬೆಳಿಗ್ಗೆ ಇನ್ನೊಂದು ಅಂಗಡಿಗೆ ಒಯ್ದು "ಏನೂ ಬದಲ್ ಮಾಡಬ್ಯಾಡ್ರಿ, ಇದ್ದಂಗ ತೆಗೀರಿ" ಎಂದೆ. ನಾಲ್ಕು ಪ್ರತಿ, ಕಪ್ಪು ರೆಕ್ಸಿನ್ ರಟ್ಟು, ಮೇಲೆ ಬಂಗಾರದ ಅಕ್ಷರ. ಒಂದು ದಿನ ಉಳಿದಿರುವಾಗಲೇ ಸಲ್ಲಿಸಿದೆ. ನೀವು ಪ್ರಿಂಟಿಗೆ ಹೋಗುವಾಗ ಪಿಡಿಎಫ್ ಮಾತ್ರ ಒಯ್ಯಿರಿ. ಯಾರಿಗಾದರೂ ವರ್ಡ್ ಫೈಲ್ ಕೊಡಲೇಬೇಕಾದರೆ ಅದರ ನಕಲು ಮಾಡಿ, ನಕಲಿನಲ್ಲಿ ಝೋಟೆರೋ ಕೊಂಡಿಗಳನ್ನು ಬಿಡಿಸಿ ಕೊಡಿ. 'ಅನ್‌ಲಿಂಕ್' ಎಂಬ ಗುಂಡಿ ಇದೆ. ಮೂಲದಲ್ಲಿ ಅದನ್ನು ಎಂದೂ ಒತ್ತಬೇಡಿ.

ಒಂದೇ ಪಠ್ಯಪುಸ್ತಕ ನೋಡಿ ಹತ್ತು ಪುಟ ಬರೆಯುವ ಅಸೈನ್‌ಮೆಂಟಿಗೆ ಇದೆಲ್ಲ ಬೇಕಿಲ್ಲ, ನೋಟ್‌ಬುಕ್ ಸಾಕು. ಹದಿನೈದು ಇಪ್ಪತ್ತಕ್ಕಿಂತ ಹೆಚ್ಚು ಆಕರ ನೋಡುವವರು, ಎರಡು ಭಾಷೆಯಲ್ಲಿ ಓದುವವರು, ಮುಂದೆ ಪಿಎಚ್‌.ಡಿ. ಮಾಡಬೇಕೆಂದು ಇರುವವರು ಮೊದಲ ಸೆಮಿಸ್ಟರಿನಿಂದಲೇ ಶುರುಮಾಡಿ. ಕಲಿಯಲು ನನಗೆ ಒಂದು ವಾರ ಬೇಕಾಯಿತು. ಖಾತೆಯನ್ನು ಕಾಲೇಜು ಕೊಟ್ಟ ಇಮೇಲಿನಿಂದ ತೆರೆಯಬೇಡಿ, ಓದು ಮುಗಿದ ಮೇಲೆ ಆ ಇಮೇಲ್ ನಿಮ್ಮ ಕೈಯಲ್ಲಿ ಉಳಿಯದೇ ಹೋಗಬಹುದು. ಸ್ವಂತ ಇಮೇಲಿನಿಂದ ತೆರೆಯಿರಿ.

ನನ್ನದರಲ್ಲಿ ಈಗ 143 ಆಕರಗಳಿವೆ. ಮೊದಲನೆಯದು ಫ್ಲೀಟ್. 1196ರ ಮುತ್ತಿಗೆಯ ಬಗ್ಗೆ ನಾನು ಓದಿದ್ದ ಆ ಕನ್ನಡ ಲೇಖನಕ್ಕೂ ಒಂದು ಖಾನೆ ತೆರೆದಿಟ್ಟಿದ್ದೇನೆ. ಅದರಲ್ಲಿ ಲೇಖಕರ ಜಾಗ ಖಾಲಿ ಇದೆ, ಶೀರ್ಷಿಕೆಯ ಜಾಗದಲ್ಲಿ 'ಹುಡುಕಬೇಕು' ಎಂದು ಬರೆದಿದೆ. ಮುಂದಿನ ವಾರ ಹಳೆಯ ನಿಯತಕಾಲಿಕೆಗಳ ಕಟ್ಟು ನೋಡಲು ಗ್ರಂಥಾಲಯಕ್ಕೆ ಹೋಗುವವಳಿದ್ದೇನೆ.